ಹಿಳುಕು

ಉಲಾನ್‌ಬಾತರ್, ನಾಲ್ಕನೇ ಮಹಡಿ, ಅಡುಗೆಮನೆ.
ಮೀನಂಟು ಕುದಿಯುವ ನಾತಕ್ಕೆ
ಪಕ್ಕದ ಮನೆಯ ಸೆರ್ಜ್‌ಮ್ಯಾದಾಗ್ ಗೋಡೆ ಗುದ್ದುತ್ತಾಳೆ.
ಗುದ್ದಲಿ.

ಹೀಟರಿನ ಮೇಲೆ ಮೈ ಕಾಯಿಸುತ್ತಿವೆ ಮೂರು ವಿಲೋ ಕಡ್ಡಿ.
ಒಂದು ಕಣ್ಣು ಮುಚ್ಚಿ ನೋಡಿ
ಡೊಂಕಿದ್ದಲ್ಲಿ ಹಲ್ಲಿಂದ ಕಚ್ಚಿ ನೆಟ್ಟಗೆ ಮಾಡುತ್ತೇನೆ.
ಅಪ್ಪನೂ ಹೀಗೇ ತಿದ್ದುತ್ತಿದ್ದ,
ನನ್ನೊಬ್ಬಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ.

ರಣಹದ್ದಿನ ಗರಿ. ವಸಂತದಲ್ಲಿ ಸತ್ತ ಕುದುರೆಯ ಪಕ್ಕ
ಉಂಡ ಲೆಕ್ಕಕ್ಕೆ ಬಿಟ್ಟುಹೋದವು, ಒಂಬತ್ತು.
ಎಡರೆಕ್ಕೆಯವು ಐದು, ಬಲರೆಕ್ಕೆಯವು ನಾಲ್ಕು.
ಒಂದು ಬಾಣಕ್ಕೆ ಮೂರೂ ಒಂದೇ ರೆಕ್ಕೆಯವಾಗಬೇಕು;
ಬೆರೆಸಿದರೆ ಬಾಣ ತನ್ನ ಜತೆ ತಾನೇ ಜಗಳಾಡುತ್ತ
ಅರ್ಧ ದಾರಿಯಲ್ಲೇ ಹುಲ್ಲಿಗೆ ಬೀಳುತ್ತದೆ.

ಮೊದಲೆರಡು ಆದವು. ಮೂರನೆಯದಕ್ಕೆ
ಎಡದವು ಎರಡು, ಬಲದ್ದೊಂದು.
ಅಪ್ಪ ಅಮ್ಮ ನೆನಪಾದರು: ಒಂದೇ ಗುಡಾರ, ಹತ್ತೊಂಬತ್ತು ಚಳಿಗಾಲ,
ಬೆನ್ನು ತಿರುಗಿಸಿ ಕೂತು ಕುಡಿದ ಉಪ್ಪುಚಹಾ.
ಇರಲಿ, ಅಂಟಿಸಿದೆ.

ಸುತ್ತಲೆಂದು ನರದೆಳೆಯನ್ನು ಬಾಯಲ್ಲಿ ನೆನೆಸುತ್ತಿದ್ದೆ,
ಬಾಗಿಲು ಬಡಿದ ಸದ್ದು. ತೆಗೆದೆ.
ಬೈಯಲೆಂದೇ ಬಂದವಳು.
ಬಾಯ್ತುಂಬ ನರ, ನಾನೇನು ಉತ್ತರ ಕೊಡಲಿ?
ಬೈದಳು; ಬೈಯುತ್ತಲೇ ಬಾಣವೆತ್ತಿ
ಗರಿಯನ್ನು ತುಟಿಗೆ ಸವರಿಕೊಂಡಳು, ಒಂದು ಸಲ,
ಎರಡು ಸಲ.

"ಇದೊಂದು ಬೇರೆ ರೆಕ್ಕೆಯದು."

ಕೂತಳು. ಕೋಟು ಕಳಚಲಿಲ್ಲ.
ಆ ಗರಿ ಕಿತ್ತು ಪಕ್ಕಕ್ಕಿಟ್ಟು
ಬೋಳಾದ ಜಾಗವನ್ನು ಉಗುರಿಂದ ಕೆರೆದು
ಪಾತ್ರೆಯತ್ತ ಗದ್ದ ತೋರಿಸಿದಳು:
"ಅಂಟು ತಣ್ಣಗಾಗಿದೆ. ಕುದಿಸು."