ಸೂಜಿ ಲೆಕ್ಕ

ಗೇರು ಬದಲಿಸಿದಾಗೆಲ್ಲ ಸೀಟಿನಡಿ ಟಣ್ ಅನ್ನುತ್ತಿತ್ತು,
ಕೆಳಮನೆಯವರು ಪೊರಕೆ ಹಿಡಿಯಿಂದ
ತಾರಸಿಗೆ ಗುದ್ದಿದ ಹಾಗೆ.
ಯುಕೆಜಿಯ ಹುಡುಗನೊಬ್ಬ ಅದಕ್ಕೆ ಹೆಸರಿಟ್ಟಿದ್ದ.
"ಆಂಟಿ, ಟಣ್ಣಪ್ಪ ಬಂದ" ಅನ್ನುವನು
ನಾಯಂಡಹಳ್ಳಿ ಸಿಗ್ನಲ್ಲು ಹಸಿರಾದರೆ ಸಾಕು.

ಇನಾಯತ್ ಕೆಳಗೆ ಬಗ್ಗಿ ಶಾಫ್ಟು ಅಲ್ಲಾಡಿಸಿ ಹೇಳಿದ:
ಕ್ರಾಸ್ ಹೋಗಿದೆ ಅಕ್ಕ, ಹಿಂದು ಮುಂದು ಎರಡೂ.
ಎರಡು ದಿನ ಗಾಡಿ ಬಿಡಿ, ಮೂರೂವರೆ ಸಾವಿರ.
ಎರಡು ದಿನ ಬಿಟ್ಟರೆ ಹನ್ನೊಂದು ಮನೆಯ ತಾಯಂದಿರು
ಬೇರೆ ವ್ಯಾನು ನೋಡಿಕೊಳ್ಳುತ್ತಾರೆ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹುಡುಗ ಕೇಳಿದ, ಯಾವ ಕ್ರಾಸು?
ಬಾಯಿ ತಪ್ಪಿ, ಪಂತರಪಾಳ್ಯ, ಮೂರನೇ ಕ್ರಾಸು, ಅಂದೆ.
ಅವನು ನಗಲಿಲ್ಲ. ಓಮ್ನಿಗೆ, ಅಂದೆ ಆಮೇಲೆ.

ಭಾನುವಾರ.
ಚಕ್ರಕ್ಕೆ ಕಲ್ಲು ಕೊಟ್ಟು, ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹಾಸಿ
ಶುಭ ಕೋರುವ ಮುಖಗಳ ಮೇಲೆ ಅಂಗಾತ ಒಳಸರಿದೆ.
ಬಿಚ್ಚುವ ಮೊದಲು ಗುರುತು:
ಹೇಗೆ ಕೂತಿತ್ತೋ ಹಾಗೇ ಕೂರಬೇಕಲ್ಲ.
ಮಗಳ ನೈಲ್ ಪಾಲಿಶು, ನೇರಳೆ.
ನಾಲ್ಕು ಬೋಲ್ಟಿನಲ್ಲಿ ಮೂರು ಬಂದವು;
ನಾಲ್ಕನೆಯದು ಸೀಮೆಎಣ್ಣೆ ಕುಡಿದು ಅರ್ಧ ಗಂಟೆ ಯೋಚಿಸಿತು.
ಗೇರಿನ ಎಣ್ಣೆ ಸೋರದಂತೆ ಆ ಬಾಯಿಗೊಂದು
ಹಾಲಿನ ಕವರು, ರಬ್ಬರ್ ಬ್ಯಾಂಡು.

ವೈಸಿಲ್ಲ. ಚರಂಡಿ ಚಪ್ಪಡಿಯೇ ವೈಸು.
ದೊಡ್ಡ ಸಾಕೆಟ್ಟು ಕೆಳಗೆ, ಚಿಕ್ಕದು ಮೇಲೆ, ನಡುವೆ ನೊಗ.
ಏಳನೇ ಪೆಟ್ಟಿಗೆ ಹಳೆ ಬಟ್ಟಲು ಹೊರಗೆ ಬಂತು.
ಒಳಗೆ ಗ್ರೀಸಿನ ಹೆಸರಿಲ್ಲ,
ಚಿಕೋರಿ ಜಾಸ್ತಿಯಾದ ಕಾಫಿಪುಡಿಯಂಥ ತುಕ್ಕು.

ಅತ್ತೆ ಮೆಟ್ಟಿಲ ಮೇಲೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.
ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಇಪ್ಪತ್ತಾರು ವರ್ಷ,
ಕಾಲರ್ ಸೆಕ್ಷನ್ನು.
ಏನೇ ಅದು ಕಡ್ಡಿ ಕಡ್ಡಿ? ಎಂದರು.
ಸೂಜಿ, ಅಂದೆ. ಬೇರಿಂಗಿನ ಸೂಜಿ.
ಅಂದದ್ದೇ ತಪ್ಪಾಯಿತು. ಮೊರ ಪಕ್ಕಕ್ಕಿಟ್ಟು ಎದ್ದು ಬಂದರು.
ಬಟ್ಟಲಿಗೆ ಎಷ್ಟು? ಇಪ್ಪತ್ತು.
ಹೊಸ ಬಟ್ಟಲುಗಳನ್ನು ಉಗುರಿನಲ್ಲಿ ಎಣಿಸಿದರು:
ಇಪ್ಪತ್ತು. ಇಪ್ಪತ್ತು. ಇಪ್ಪತ್ತು.
ಹತ್ತೊಂಬತ್ತು.

ಒಂದು ತಾನೇ, ಬಿಡಿ, ಅಂದೆ.
"ನಮ್ಮಲ್ಲಿ ಸೂಜಿ ಮುರಿದರೆ ಚೂರೆಲ್ಲ ಹುಡುಕಿ ತಂದು
ಪುಸ್ತಕಕ್ಕೆ ಅಂಟಿಸಬೇಕು, ಟೈಮು ಬರೀಬೇಕು.
ತುದಿ ಸಿಗದಿದ್ದರೆ ಲೈನೇ ನಿಲ್ಲಿಸೋರು.
ಯಾವ ದೇಶದ ಮಗುವಿನ ಕತ್ತಿಗೆ ಚುಚ್ಚುತ್ತೋ.
ನಿನ್ನ ಗಾಡೀಲಿ ಕೂರೋವೂ ಮಕ್ಕಳೇ ತಾನೇ?"

ಲೈನು ನಿಂತಿತು.
ಫ್ಲೆಕ್ಸು ಕೊಡವಿದೆವು. ಚಪ್ಪಡಿ ಸಂದಿಗೆ ಟಾರ್ಚು ಬಿಟ್ಟೆವು.
ಇಸ್ತ್ರಿ ಗಾಡಿಯ ಮಾದಪ್ಪ ಕೆಂಡ ಬಿಟ್ಟು ಬಂದು ಮಣ್ಣು ಸವರಿದ.
ಹುರುಳಿಕಾಯಿಯನ್ನೂ ಒಮ್ಮೆ ಕೇರಿದ್ದಾಯಿತು.
ಬಿಸಿಲು ವ್ಯಾನಿನ ಆ ಮಗ್ಗುಲಿಂದ ಈ ಮಗ್ಗುಲಿಗೆ ಬಂತು.
ನನಗೆ ಸಿಟ್ಟು, ಹಸಿವು, ಬಾಯಲ್ಲಿ ತುಕ್ಕಿನ ರುಚಿ.
ಅತ್ತೆ ನನ್ನ ಕೈ ಹಿಡಿದು ಸುಮ್ಮನೆ ತಿರುಗಿಸಿದರು.
ಮೊಣಕೈಯ ಗ್ರೀಸಿನಲ್ಲಿ ಅಡ್ಡಕ್ಕೆ
ಅಂಟಿಕೊಂಡಿತ್ತು ಕಳ್ಳ.

ಆಮೇಲೆ ಅವರೇ, ಕನ್ನಡಕ ಹಣೆಗೇರಿಸಿ,
ಗ್ರೀಸು ಮೆತ್ತಿ ಒಂದೊಂದನ್ನೇ ನಿಲ್ಲಿಸಿದರು.
ನನ್ನದು ಬರೀ ಸುತ್ತಿಗೆ.
ಎರಡನೆಯ ಕ್ರಾಸು ಸಂಜೆಗೆ ಮುಗಿಯಿತು,
ನೇರಳೆಗೆ ನೇರಳೆ ಕೂಡಿತು.

ರಾತ್ರಿ ನೀರಿಗೆ ಎದ್ದಾಗ ಕಂಡೆ:
ಕ್ಯಾಲೆಂಡರಿನ ಭಾನುವಾರದ ಚೌಕದಲ್ಲಿ
ಸೆಲೋಟೇಪಿನಡಿ ಸವೆದ ಹಳೆಯ ಸೂಜಿಯೊಂದು,
ಪಕ್ಕದಲ್ಲಿ ಗಂಟೆ, ಅತ್ತೆಯ ಸಹಿ.

ಸೋಮವಾರ ಸಿಗ್ನಲ್ಲು ಹಸಿರಾಯಿತು. ಒಂದು, ಎರಡು.
ಏನೂ ಇಲ್ಲ.
ಬ್ಯಾಗಿನ ಮೇಲೆ ಗದ್ದವಿಟ್ಟು ಕಾದಿದ್ದ ಹುಡುಗ
ಸೀಟಿನಡಿ ಬಗ್ಗಿ ನೋಡಿದ, ಎದ್ದ,
ಮೂರನೇ ಗೇರಿಗೆ ತಾನೇ
ಮೆಲ್ಲಗೆ, ಟಣ್, ಎಂದ.