ಹೆಸರು, ತರಗತಿ, ವಿಷಯ

ಸ್ಕೂಲ್ ಗೇಟಿನ ಅಂಗಡಿ ಮುಚ್ಚಿದಾಗ
ಮನೆಗೆ ಬಂದದ್ದು ಇಷ್ಟೇ:
ನೋಟ್‌ಬುಕ್ಕಿಗೆ ಅಂಟಿಸುವ ಚೀಟಿ, ಹನ್ನೊಂದು ಹಾಳೆ.
ಕೆಂಪು ಅಂಚು, ಮೂಲೆಯಲ್ಲೊಂದು ಮೊಲ.
ಹೆಸರು. ತರಗತಿ. ವಿಷಯ. ಶಾಲೆ.
ಮುಂದೆ ಚುಕ್ಕಿಗಳ ಸಾಲು.

ಈಗ ಅವನ್ನೇ ಜೇನಿನ ಬಾಟಲಿಗೆ ಅಂಟಿಸುತ್ತೇನೆ.
ಗುತ್ತಲು ರಸ್ತೆಯ ಹಿತ್ತಲಲ್ಲಿ
ಬಟ್ಟೆ ಒಗೆವ ಕಲ್ಲಿನ ಆಚೆ ಎರಡು ಪೆಟ್ಟಿಗೆ,
ಇರುವೆ ಹತ್ತದಂತೆ ಕಾಲಿಗೆ ಚಿಪ್ಪಿನಲ್ಲಿ ನೀರು.
ತುಡುವೆ. ಕಚ್ಚಿದರೂ
ಮನೆಯವರು ಕಚ್ಚಿದ ಹಾಗೆ.

ಮೊದಲ ಬಾಟಲಿ ಸುಲಭ.
ನಾಲೆ ಏರಿಯ ಹೊಂಗೆಯೆಲ್ಲ
ಅರಳು ಚೆಲ್ಲಿದ ಹಾಗೆ ಉದುರಿದ ವಾರ ತಿರುಗಿಸಿದ್ದು.
ಹೆಸರು: ಹೊಂಗೆ. ಶಾಲೆ: ನಮ್ಮ ಹಿತ್ತಲು.
ಬರೆದ ಮೇಲೆ ನಾಲಗೆಗೆ ಹಚ್ಚಿಕೊಂಡೆ,
ಕೊನೆಗೊಂದು ಸಣ್ಣ ಒಗರು
ಹೌದು ಎಂದಿತು.

ಎರಡನೆಯದಕ್ಕೆ ಜಗಳ.
ಕಾಂಪೌಂಡಿನ ಮೇಲಿಂದ ರುಕ್ಮಾಂಗದ:
"ಇದು ನಮ್ ನುಗ್ಗೆ ಹೂವಿಂದು ಕಣಕ್ಕ,
ದಿನಾ ನೋಡ್ತಿವ್ನಿ, ಒತ್ತಾರೆನೇ ಬಂದು ನೇತಾಕ್ಕತವೆ.
ಅರ್ಧ ಬಾಟ್ಲಿ ನನ್ ಲೆಕ್ಕ."
ನುಗ್ಗೆಯೂ ಇರಬಹುದು. ಹುಣಸೆಯೂ.
ಸ್ಟೇಷನ್ ಹಿಂದಿನ ಪಾಳಿನ ತುಂಬೆ,
ಯಾರದೋ ಮಹಡಿಯ ತುಳಸಿ.
ಬಾಗಿಲಲ್ಲಿ ಕೂತು ಕಾಲು ನೋಡಿದೆ:
ಒಂದು ಅರಿಸಿನ ಹೊತ್ತು ಬಂತು,
ಒಂದು ಇಟ್ಟಿಗೆ ಪುಡಿ, ಒಂದು ಬೂದಿ.
ಚೀಟಿಯಲ್ಲಿ ಇರುವುದು ಒಂದೇ ಸಾಲು.
ಬೆರಕೆ ಎಂದು ಬರೆದು
ರುಕ್ಮಾಂಗದನಿಗೆ ಕಾಲು ಬಾಟಲಿ ಕೊಟ್ಟೆ.

ಮೂರನೆಯದು ಕಪ್ಪು. ಮಂದ.
ಮುಚ್ಚಳ ತೆಗೆದರೆ ಹೂವಲ್ಲ,
ಕೊಪ್ಪರಿಗೆಯ ನೊರೆ.
ಅವು ಹಾರುವ ದಿಕ್ಕಿಗೆ
ಒಂದು ಮಧ್ಯಾಹ್ನ ಸ್ಕೂಟಿ ತಿರುಗಿಸಿದೆ.
ಒಂದು ಕಿಲೋಮೀಟರೂ ಇಲ್ಲ,
ಬೋರಲಿಂಗಣ್ಣನ ಆಲೆಮನೆ.
ಅಚ್ಚಿನ ಮೇಲೆ, ಗೋಣಿಯ ಮೇಲೆ,
ಹಿಂಡಿ ಬಿಸಾಕಿದ ಸಿಪ್ಪೆಯ ಮೇಲೆ ನಮ್ಮವೇ.
ಮನೆಯಲ್ಲಿ ಊಟ ಬೇಡವೆಂದ ಮಕ್ಕಳು
ಹೋಟೆಲಿನಲ್ಲಿ ಸಿಕ್ಕಿಬಿದ್ದ ಹಾಗೆ,
ಆದರೆ ಒಂದೂ ತಲೆ ಎತ್ತಲಿಲ್ಲ.

"ನಿಮ್ಮವಾ?" ಬೋರಲಿಂಗಣ್ಣ ಜರಡಿ ತೋರಿಸಿದ.
"ಪಾಕಕ್ಕೆ ಬೀಳ್ತವೆ. ತೆಗೆದು ತೆಗೆದು ಸಾಕಾಯ್ತದೆ."
ಜರಡಿಯ ತುಂಬ
ಕಡಲೆ ಸಿಪ್ಪೆಯಂತೆ ಹಗುರಾಗಿ, ರೆಕ್ಕೆ ಅಂಟಿಕೊಂಡು.
ಎಣಿಸಬೇಕೆಂದುಕೊಂಡೆ. ಎಣಿಸಲಿಲ್ಲ.

ಯುನಾನಿ ಡಾಕ್ಟರ್ ಮುನಾವರ್ ಸಾಹೇಬರು
ಕೆಮ್ಮಿನವರಿಗೆಂದು ಆರು ಬಾಟಲಿ ಹೇಳಿದ್ದಾರೆ.
"ಶುದ್ಧ ಅಂತ ಬರೆದುಬಿಡಿ, ಎಲ್ಲರೂ ಬರೀತಾರೆ."
ಶುದ್ಧವೇ. ನೀರು ಹಾಕಿಲ್ಲ, ಸಕ್ಕರೆ ಹಾಕಿಲ್ಲ.
ನಾನು ಹಾಕಿಲ್ಲ.

ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕೂತು
ಹೆಸರು: ಆಲೆಮನೆ, ಎಂದು ಬರೆದೆ.
ತರಗತಿ: ಎರಡು.
ವಿಷಯದ ಮುಂದೆ ಪೆನ್ನು ನಿಂತಿತು.
ಇಪ್ಪತ್ತೆರಡು ವರ್ಷ ಈ ಚೀಟಿ ಮಾರಿದ್ದೇನೆ,
ಆ ಸಾಲು ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.
ಕೊನೆಗೆ ಚುಕ್ಕಿಗಳ ಮೇಲೆ ಸಣ್ಣಗೆ:
ಮಾರುವುದಕ್ಕಲ್ಲ.

ಮೂಲೆಯ ಮೊಲಕ್ಕೆ ಒಂದು ಹನಿ ಅಂಟಿತ್ತು.
ಬೆರಳಲ್ಲಿ ಒರೆಸಿದೆ.
ಒರೆಸಿದ ಬೆರಳು
ಅಭ್ಯಾಸಬಲ, ಬಾಯಿಗೇ ಹೋಯಿತು.
ಸಿಹಿ.