ಏಳನೆಯ ಟ್ಯಾಬು

ವಾರ್ಡೋ ದ್ವೀಪದ ಗ್ರಂಥಾಲಯದಲ್ಲಿ ಟ್ಯಾಬುಗಳು ಹನ್ನೆರಡು.
ಬೆನ್ನಿಗೆ ನಾನೇ ಅಂಟಿಸಿದ ನಂಬರು, ಮೈಗೆ ರಬ್ಬರಿನ ಅಂಗಿ,
ಸಂಜೆಯಾದರೆ ಎಲ್ಲಕ್ಕೂ ಒಂದೇ ಕಪಾಟು.
ಕೀಲಿ ನನ್ನ ಕೊರಳಲ್ಲಿ.

ಏಳು ಮಾತ್ರ ಬಂದಿಲ್ಲ. ಹದಿನೇಳು ದಿನ ಮೀರಿದೆ.
ಒಯ್ದವನು ಟೋರ್ಗಿಲ್ಸ್, ಏಡಿ ಹಿಡಿಯುವವನು,
ಪುಸ್ತಕವನ್ನು ಒಂದು ದಿನವೂ ತಡಮಾಡಿದವನಲ್ಲ.

ನಿಯಮದ ಹಾಳೆ ಹೇಳುತ್ತದೆ:
ದೂರದಿಂದಲೇ ಬೀಗ ಹಾಕು, ಪರದೆಯ ಮೇಲೆ ಬರೆ,
'ಇದು ಊರಿನ ಸೊತ್ತು, ಹಿಂದಿರುಗಿಸಿ.'
ಹಾಕುವ ಮುನ್ನ ನಕ್ಷೆ ತೆರೆದೆ.
ನೀಲಿ ಚುಕ್ಕೆ
ದ್ವೀಪದಲ್ಲಿಲ್ಲ, ಕಡಲಲ್ಲೂ ಇಲ್ಲ,
ಕಿರ್ಕೆನೆಸ್ಸಿನ ಆಸ್ಪತ್ರೆಯ ಮೇಲೆ ಕೂತು
ಮಿಡಿಯುತ್ತಿದೆ.

ತಟ್ಟನೆ ಮುಚ್ಚಿದೆ,
ಅರೆತೆರೆದ ಬಚ್ಚಲ ಬಾಗಿಲು ಕಂಡವಳ ಹಾಗೆ.
ಯಾರು ಏನು ಓದಿದರೆಂದು
ಮೂವತ್ತು ವರ್ಷ ಬಾಯಿಬಿಟ್ಟವಳಲ್ಲ ನಾನು;
ಎಲ್ಲಿ ಕೂತು ಓದಿದರೆಂದು ಕೇಳಿದವಳೂ ಅಲ್ಲ.
ಗಡುವು ಮುಂದೂಡಿದೆ. ಕಾರಣದ ಕಾಲಮ್ಮಿನಲ್ಲಿ 'ಹವಾಮಾನ'.
ಸುಳ್ಳೇನಲ್ಲ, ಹೊರಗೆ ಹಿಮಗಾಳಿ ಇತ್ತು.

ಮಾರ್ಚಿನಲ್ಲಿ ತಂದುಕೊಟ್ಟ. ಚಾರ್ಜರಿನ ತಂತಿಯನ್ನು
ದೋಣಿಯ ಹಗ್ಗದಂತೆ ಸುತ್ತಿದ್ದ.
"ದೊಡ್ಡ ಅಕ್ಷರವೇ ಬೇಕಿತ್ತು ಅವಳಿಗೆ" ಅಂದ.
ಆಮೇಲೆ, ದಂಡ ಎಷ್ಟು ಅಂದ.
ಇಲ್ಲ ಅಂದೆ.

ಎಲ್ಲ ಅಳಿಸುವ ಗುಂಡಿ ಒತ್ತಿದೆ. ಅಳಿಸಲೇಬೇಕು:
ದೊಡ್ಡ ಅಕ್ಷರ, ಅರ್ಧಕ್ಕೆ ನಿಂತ ಪುಟ,
ವಾರ್ಡಿನ ರಾತ್ರಿಗೆಂದು ತಗ್ಗಿಸಿದ ಬೆಳಕು.
ಮೂರೇ ನಿಮಿಷ. ಏನೂ ಅರಿಯದ ಪರದೆ
ಭಾಷೆ ಆರಿಸಿ, ಎಂದು ಮೊದಲಿಂದ ಶುರುಮಾಡಿತು.

ಗಾಜಿನ ಮೇಲೆ, ಪುಟ ತಿರುವುವ ಜಾಗದಲ್ಲಿ
ಒಂದು ಬೆರಳಿನ ಜಿಡ್ಡು.
ಬಟ್ಟೆ ಕೈಯಲ್ಲೇ ಇತ್ತು.
ಹಾಗೆಯೇ ಕಪಾಟಿನಲ್ಲಿಟ್ಟೆ, ಬೀಗ ಹಾಕಿದೆ.